ಫುಲ್ಮಣಿಯ ಮಗು ಬೆಳೆದ ಜಾಗ

ಕೊರೋನಾ ಇಳಿದು, ರೈಲುಗಳು ಮತ್ತೆ ಜನರನ್ನು ತುಂಬಿಕೊಂಡು ಓಡತೊಡಗಿದ್ದ ಹೊಸತು. ಆಗ ನಾನು ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯ ಪ್ರಸೂತಿ ತಜ್ಞೆಯಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿಯಿತ್ತು. ಅದಕ್ಕೆ ಮೊದಲು ಚಿಂತಾಮಣಿಯಲ್ಲಿ ಹನ್ನೊಂದು ವರ್ಷ, ಶಿಡ್ಲಘಟ್ಟದಲ್ಲಿ ಆರು ವರ್ಷ ಕೆಲಸ ಮಾಡಿದ್ದೆ. ನನ್ನ ತವರು ಜಂಗಮಕೋಟೆಯ ಹತ್ತಿರ. ನಮ್ಮದು ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಮನೆ. ಹೀಗಾಗಿ ಈ ಸೀಮೆಯ ಹೆಂಗಸರು ಯಾವ ನೋವನ್ನು ಯಾವ ಮಾತಿನಲ್ಲಿ ಹೇಳುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗಡಿಯ ಕಡೆಯವರು ತೆಲುಗಿನಲ್ಲಿ ಹೇಳಿದರೂ, ರೇಷ್ಮೆ ನೂಲು ತೆಗೆಯುವ ಶಿಡ್ಲಘಟ್ಟದ ರೀಲರ್ ಮನೆಗಳವರು ಉರ್ದುವಿನಲ್ಲಿ ಹೇಳಿದರೂ ನಾನು ತಡವರಿಸುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ದೂರದ ರಾಜ್ಯಗಳ ಜನ ಬಂದು ನೆಲೆಸಿ ನನ್ನ ಜಿಲ್ಲೆಯೇ ಬದಲಾಗಿತ್ತು. ಅದು ನನ್ನ ಅರಿವಿಗೆ ಬಂದದ್ದು ಫುಲ್ಮಣಿಯಿಂದ.

ಪ್ರತಿ ತಿಂಗಳ ಒಂಬತ್ತನೇ ತಾರೀಖು ಗರ್ಭಿಣಿಯರ ವಿಶೇಷ ತಪಾಸಣೆಯ ದಿನ. ಅಂದು ತಜ್ಞ ವೈದ್ಯರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋಗಿ, ಅಪಾಯದಲ್ಲಿರುವ ಬಸುರಿಯರನ್ನು ಮೊದಲೇ ಗುರುತಿಸಿ ದೊಡ್ಡ ಆಸ್ಪತ್ರೆಗೆ ಕಳಿಸುವ ಏರ್ಪಾಡಿದೆ. ನನ್ನ ಪಾಲಿಗೆ ಬರುತ್ತಿದ್ದುದು ಗೌರಿಬಿದನೂರು ತಾಲೂಕಿನಲ್ಲಿ, ಕುಡುಮಲಕುಂಟೆ ಕೈಗಾರಿಕಾ ಪ್ರದೇಶಕ್ಕೆ ಹತ್ತಿರವಿದ್ದ ಒಂದು ಕೇಂದ್ರ. ನನ್ನ ಜೊತೆಗೆ ಸ್ಟಾಫ್ ನರ್ಸ್ ಶಹತಾಜ್ ಬರುತ್ತಿದ್ದಳು. ಶಿಡ್ಲಘಟ್ಟದ ಹುಡುಗಿ. ತಂದೆ, ಅಣ್ಣಂದಿರು ರೇಷ್ಮೆ ನೂಲು ತೆಗೆಯುವ ಕೆಲಸದವರು. ಬಸುರಿಯರನ್ನು ಮನೆಮನೆಯಿಂದ ಕರೆತರುತ್ತಿದ್ದವಳು ಆಶಾ ಕಾರ್ಯಕರ್ತೆ ನಾಗರತ್ನಮ್ಮ. ತೊಂಡೇಬಾವಿಯಲ್ಲಿ ಹುಟ್ಟಿ ಈ ಕಡೆಗೆ ಸೊಸೆಯಾಗಿ ಬಂದವಳು.

ಫ್ಯಾಕ್ಟರಿಗಳ ಹಿಂದೆ ಕಬ್ಬಿಣದ ಶೀಟು ಹೊದಿಸಿದ ಸಾಲು ಕೋಣೆಗಳಿದ್ದವು. ಎಲ್ಲರೂ ಅದನ್ನು ಲೈನ್ ಎನ್ನುತ್ತಿದ್ದರು. ಒಡಿಶಾ, ಬಿಹಾರ, ಜಾರ್ಖಂಡ್, ಅಸ್ಸಾಂ ಕಡೆಯ ಕುಟುಂಬಗಳು ಅಲ್ಲಿದ್ದವು. ಅಲ್ಲಿನ ಬಸುರಿಯರು ನಮ್ಮ ತಪಾಸಣೆಗೆ ಬರುತ್ತಿರಲಿಲ್ಲ. ರಜೆ ಹಾಕಿದರೆ ಆ ದಿನದ ಕೂಲಿ ಇಲ್ಲ. ಬಸುರಿಯರ ತಪಾಸಣೆ ಬರೆದಿಡುವ ತಾಯಿ ಕಾರ್ಡ್ ಇದ್ದರೆ ಅದು ಊರಿನಲ್ಲೇ ಉಳಿದಿರುತ್ತದೆ. ಆಸ್ಪತ್ರೆಗೆ ಬಂದರೂ ಹೇಳಿಕೊಳ್ಳುವುದು ಯಾರಿಗೆ, ಯಾವ ಭಾಷೆಯಲ್ಲಿ? ನಾಗರತ್ನಮ್ಮ ಲೈನಿಗೆ ಹೋದಾಗಲೆಲ್ಲ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಆಕೆ ಬಿಡುವ ಪೈಕಿಯಲ್ಲ. ಅವರ ಮಕ್ಕಳಿಗೆ ಪೋಲಿಯೋ ಹನಿ ಹಾಕುತ್ತ, ಹೆಂಗಸರ ಜೊತೆ ನೀರಿನ ಟ್ಯಾಂಕರಿನ ಮುಂದೆ ನಿಲ್ಲುತ್ತ, ಕೈಸನ್ನೆಯಲ್ಲೇ ಸ್ನೇಹ ಬೆಳೆಸಿಕೊಂಡಳು. ಹೀಗೆ ಒಂದು ಒಂಬತ್ತನೇ ತಾರೀಖು ಆಕೆ ಫುಲ್ಮಣಿಯ ಕೈ ಹಿಡಿದುಕೊಂಡು ಬಂದಳು.

ಆಗ ಅವಳಿಗೆ ಇಪ್ಪತ್ತಮೂರು ವರ್ಷವಿರಬಹುದು. ಕಪ್ಪು ಮೈಬಣ್ಣ, ಎತ್ತರದ ನಿಲುವು, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ತುರುಬು. ಹೊಟ್ಟೆ ಎಂಟು ತಿಂಗಳಷ್ಟಿತ್ತು. ಉಳಿದ ಬಸುರಿಯರು ಬೆಂಚಿನ ಮೇಲೆ ಹಿಂದಕ್ಕೆ ಒರಗಿ ಕುಳಿತಿದ್ದರೆ, ಇವಳು ಮುಂದಕ್ಕೆ ಬಾಗಿ, ಎರಡೂ ಕೈಗಳಿಂದ ಹೊಟ್ಟೆಯನ್ನು ಕೆಳಗಿನಿಂದ ಎತ್ತಿ ಹಿಡಿದುಕೊಂಡು ಕುಳಿತಿದ್ದಳು. ಆಗಾಗ ಮೆಲ್ಲಗೆ "ಹಸು, ಹಸು" ಎನ್ನುತ್ತಿದ್ದಳು.

"ಹಸೀತೈತೆ ಅಂತಾವ್ಳೆ ಮೇಡಂ, ಪಾಪ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಂತ ಕಾಣ್ತದೆ," ಎಂದು ನಾಗರತ್ನಮ್ಮ ತನ್ನ ಡಬ್ಬಿಯ ಚಿತ್ರಾನ್ನ ಬಿಚ್ಚಿ ಅವಳ ಮುಂದೆ ಇಟ್ಟಳು. ಫುಲ್ಮಣಿ ಡಬ್ಬಿಯನ್ನು ನೋಡಿದಳು, ನಾಗರತ್ನಮ್ಮನ ಮುಖ ನೋಡಿದಳು, ಒಂದು ತುತ್ತು ತಿಂದಳು. ಮತ್ತೆ "ಹಸು" ಎಂದಳು.

ಶಹತಾಜ್ ಹತ್ತಿರ ಹೋಗಿ, "ಕ್ಯಾ ಹೋರಾ ಅಮ್ಮಾ?" ಎಂದು ಕೇಳಿದಳು. ಉತ್ತರ ಬಂತು, ಆದರೆ ಅದು ಹಿಂದಿಯೂ ಅಲ್ಲ, ಒಡಿಯಾವೂ ಅಲ್ಲ.

"ಮೇಡಂ, ಇವ್ಳು ಮಾತಾಡ್ತಿರೋದು ಯಾವ ಭಾಷೆ ಅಂತಾನೇ ಗೊತ್ತಾಗ್ತಿಲ್ಲ," ಎಂದಳು.

ಮೇಜಿನ ಮೇಲೆ ಮಲಗಿಸಿ ಹೊಟ್ಟೆ ಪರೀಕ್ಷೆ ಮಾಡಲು ಹೋದೆ. ನನ್ನ ಅಂಗೈ ಸೋಕುತ್ತಲೇ ಅವಳ ಮೈ ಸೆಟೆದುಕೊಂಡಿತು. ಕೂಗಲಿಲ್ಲ, ತುಟಿ ಕಚ್ಚಿಕೊಂಡಳು. ಮಗು ಅಡ್ಡಲಾಗಿ ಮಲಗಿತ್ತು. ಅದು ಅಪರೂಪವೇನಲ್ಲ. ಆದರೆ ಬೆರಳ ತುದಿಗೆ ಒಂದು ಪುಟ್ಟ ಮೊಣಕಾಲು ಸಿಕ್ಕಿದ ರೀತಿ ವಿಚಿತ್ರವಾಗಿತ್ತು. ಸಾಮಾನ್ಯವಾಗಿ ಮಗುವಿಗೂ ನಮ್ಮ ಕೈಗೂ ನಡುವೆ ಗರ್ಭಕೋಶದ ದಪ್ಪ ಗೋಡೆ ಇರುತ್ತದೆ. ಕಂಬಳಿ ಹೊದ್ದು ಮಲಗಿದ ಮಗುವನ್ನು ತಡವಿದ ಹಾಗೆ. ಇಲ್ಲಿ ಕಂಬಳಿಯೇ ಇರಲಿಲ್ಲ. ಒಂದು ತೆಳು ಪಂಚೆ ಹೊದಿಸಿದಂತೆ ಮೊಣಕಾಲು, ಹಿಮ್ಮಡಿ ಎಲ್ಲ ನೇರವಾಗಿ ಕೈಗೆ ಸಿಗುತ್ತಿದ್ದವು. ಎದೆಬಡಿತ ಕೇಳುವ ಡಾಪ್ಲರ್ ಇಟ್ಟರೆ ಸದ್ದು ಚರ್ಮದ ಕೆಳಗಿನಿಂದಲೇ ಬಂದಷ್ಟು ಸ್ಪಷ್ಟ.

ನಾನು ಕೈ ತೆಗೆದೆ. ನಾಗರತ್ನಮ್ಮನಿಗೆ, "ಇವಳ ಮಾತು ತಿಳಿಯೋರು ಲೈನಲ್ಲಿ ಯಾರಾದ್ರೂ ಇದ್ದಾರಾ? ಇದ್ರೆ ಕರ್ಕೊಂಡು ಬಾಮ್ಮ. ಅಲ್ಲಿವರೆಗೂ ನಾನು ಇವಳನ್ನ ಮುಟ್ಟಲ್ಲ," ಎಂದೆ.

ಆಕೆ ಫ್ಯಾಕ್ಟರಿಯ ಗೇಟಿಗೇ ಹೋಗಿ, ಸೆಕ್ಯುರಿಟಿಯವನ ಜೊತೆ ವಾದ ಮಾಡಿ, ಪ್ಯಾಕಿಂಗ್ ವಿಭಾಗದಿಂದ ಸಬಿತಾ ಎಂಬುವಳನ್ನು ಬಿಡಿಸಿಕೊಂಡು ಬಂದಳು. ಸಬಿತಾ ಒಡಿಶಾದವಳು. ಫುಲ್ಮಣಿಯ ಊರಿಗೆ ಪಕ್ಕದ ಊರು. ಮನೆಮಾತು ಒಡಿಯಾ, ಹಿಂದಿ ಚೆನ್ನಾಗಿ ಬರುತ್ತಿತ್ತು. ಚಿಕ್ಕಂದಿನಿಂದ ಸಂತಾಲ ಆದಿವಾಸಿಗಳ ಮಕ್ಕಳ ಜೊತೆ ಆಡಿ ಬೆಳೆದಿದ್ದರಿಂದ ಸಂತಾಲಿಯೂ ಬರುತ್ತಿತ್ತು. ಫುಲ್ಮಣಿ ಮಾತಾಡುತ್ತಿದ್ದುದು ಸಂತಾಲಿ. ಶಿಡ್ಲಘಟ್ಟದ ಉರ್ದು ತಿಳಿದರೂ ಆ ಕಡೆಯ ಹಿಂದಿ ನನಗೆ ಮಾತ್ರೆ ಯಾವಾಗ ನುಂಗಬೇಕೆಂದು ಹೇಳುವಷ್ಟು, ಅಷ್ಟೇ. ಆದ್ದರಿಂದ ಅವತ್ತು ಫುಲ್ಮಣಿಯ ಮಾತು ಸಂತಾಲಿಯಿಂದ ಹಿಂದಿಗೆ, ಹಿಂದಿಯಿಂದ ಕನ್ನಡಕ್ಕೆ ಇಳಿದು ನನ್ನ ಹತ್ತಿರ ಬಂತು. ನಡುವೆ ಸಬಿತಾ ಮತ್ತು ಶಹತಾಜ್.

ಮೊದಲು ಬಿಡಿಸಿಕೊಂಡದ್ದು ಆ ಒಂದು ಪದ. ಸಬಿತಾ ಕೇಳಿದವಳೇ ನಕ್ಕಳು, ಕೂಡಲೇ ನಗು ನಿಲ್ಲಿಸಿದಳು. ಶಹತಾಜ್ ನನ್ನ ಕಡೆ ತಿರುಗಿ, "ಮೇಡಂ, ಅವ್ರ ಭಾಷೇಲಿ ಹಸು ಅಂದ್ರೆ ನೋವಂತೆ. ಹಸಿವಲ್ಲ," ಎಂದಳು.

ನಾಗರತ್ನಮ್ಮ ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. "ಅಯ್ಯೋ ಶಿವನೇ, ನೋವು ಅಂತ ಹೇಳ್ತಿದ್ದೋಳಿಗೆ ಚಿತ್ರಾನ್ನ ತಿನ್ಸಿಬಿಟ್ನಲ್ಲ ನಾನು," ಎಂದು ಫುಲ್ಮಣಿಯ ಕೆನ್ನೆ ಸವರಿದಳು.

"ಯಾವಾಗ ನೋವು ಬರುತ್ತೆ ಕೇಳು," ಎಂದೆ.

ಪ್ರಶ್ನೆ ಹೋಯಿತು, ಉತ್ತರ ಬಂತು. ಮಗು ಹೊರಳಿದಾಗ. ಒದ್ದಾಗ. ಪ್ರತಿ ಸಲವೂ. ಒಳಗೆ ಉಗುರಿನಲ್ಲಿ ಕೆರೆದಂತೆ. ಮಗು ಮಲಗಿದರೆ ತನಗೂ ನಿದ್ದೆ, ಎದ್ದರೆ ತನಗೂ ಎಚ್ಚರ. ನಾಲ್ಕನೇ ತಿಂಗಳಿನಿಂದ ಹೀಗೆಯೇ ಇದೆಯಂತೆ. ಬೇರೊಂದು ಕಡೆ ತೋರಿಸಿದ್ದಳು. ಅಲ್ಲಿ ಭಾಷೆ ತಿಳಿಯದೆ ಹೊಟ್ಟೆ ಉಬ್ಬರಕ್ಕೆ ಮಾತ್ರೆ ಕೊಟ್ಟು ಕಳಿಸಿದ್ದರು. ಇದು ಚೊಚ್ಚಲು. ಎಲ್ಲ ಹೆಂಗಸರಿಗೂ ಮಗು ಒದ್ದರೆ ಹೀಗೇ ನೋಯುತ್ತದೆ, ಉಳಿದವರು ಸಹಿಸಿಕೊಳ್ಳುತ್ತಾರೆ, ತನಗೆ ಮಾತ್ರ ತಾಳ್ಮೆ ಕಡಿಮೆ ಎಂದು ಅವಳು ತಿಳಿದಿದ್ದಳು. ಹಾಗೆ ತಿಳಿದುಕೊಂಡೇ ಹಿಂದಿನ ವಾರದವರೆಗೂ ನಿಂತುಕೊಂಡು ಪೆಟ್ಟಿಗೆಗಳಿಗೆ ಟೇಪು ಸುತ್ತುವ ಕೆಲಸ ಮಾಡಿದ್ದಳು.

"ಶುರುವಿನಲ್ಲಿ ಏನಾದರೂ ಜೋರಾದ ನೋವು ಬಂದಿತ್ತಾ?" ಎಂದು ಕೇಳಿಸಿದೆ.

ಈ ಸಲ ಉತ್ತರ ಉದ್ದವಾಗಿತ್ತು. ಫುಲ್ಮಣಿ ಹೇಳುತ್ತ ಹೋದಂತೆ ಸಬಿತಾಳ ಮುಖ ಗಂಭೀರವಾಯಿತು. ಗಂಡ ಸೋಮಾಯ್ ಜೊತೆ ಊರು ಬಿಟ್ಟು ರೈಲು ಹತ್ತಿದಾಗ ಮುಟ್ಟು ನಿಂತು ಎರಡು ತಿಂಗಳಾಗಿತ್ತು. ಜನರಲ್ ಬೋಗಿ, ಕಾಲಿಡಲು ಜಾಗವಿಲ್ಲ. ದಾರಿಯಲ್ಲಿ ಇದ್ದಕ್ಕಿದ್ದ ಹಾಗೆ ಕೆಳಹೊಟ್ಟೆಯಲ್ಲಿ ಏನೋ ಹರಿದಂತಾಯಿತು. ಕಣ್ಣು ಕತ್ತಲೆ ಬಂತು. ಗಂಡ ಶೌಚಾಲಯದ ಬಾಗಿಲ ಪಕ್ಕ ಟವೆಲ್ ಹಾಸಿ ಮಲಗಿಸಿದ. ಬೆಂಗಳೂರು ಬರುವವರೆಗೆ ಅಲ್ಲೇ ಮಲಗಿದ್ದಳು. ಸ್ವಲ್ಪ ರಕ್ತ ಕಂಡಿತ್ತು. ಬಸಿರು ಹೋಯಿತೆಂದೇ ಇಬ್ಬರೂ ಅತ್ತಿದ್ದರು. ಆಮೇಲೆ ಹೊಟ್ಟೆ ಬೆಳೆಯತೊಡಗಿದಾಗ ದೇವರು ಮನಸ್ಸು ಬದಲಾಯಿಸಿದ ಎಂದುಕೊಂಡರು.

ಎಂ.ಡಿ. ಓದುವಾಗ ಪಠ್ಯಪುಸ್ತಕದಲ್ಲಿ ಒಂದೂವರೆ ಪುಟ ಓದಿ, ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದ ವಿಷಯವೊಂದು ನನಗೆ ನೆನಪಾಯಿತು. ಅದನ್ನು ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ. ಆಂಬುಲೆನ್ಸ್ ಕರೆಸಿ ಫುಲ್ಮಣಿಯನ್ನು ಮಲಗಿಸಿ, ಸಬಿತಾಳನ್ನೂ ಹತ್ತಿಸಿಕೊಂಡು, ಮಂಚೇನಹಳ್ಳಿಯ ರಸ್ತೆಯಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂದೆವು.

ಸ್ಕ್ಯಾನಿಂಗ್ ಕೋಣೆಯಲ್ಲಿ ರೇಡಿಯಾಲಜಿಸ್ಟ್ ಪಕ್ಕದಲ್ಲಿ ನಾನೂ ನಿಂತೆ. ಪರದೆಯ ಮೇಲೆ ಮಗು ಕಂಡಿತು. ತಲೆ, ಬೆನ್ನುಮೂಳೆಯ ಮಣಿಸಾಲು, ಮಿಡಿಯುವ ಹೃದಯ. ಅವರು ಯಂತ್ರದ ತುದಿಯನ್ನು ಕೆಳಗೆ ಸರಿಸಿದರು. ಅಲ್ಲಿ, ಮೂತ್ರಕೋಶದ ಹಿಂದೆ, ಗರ್ಭಕೋಶ ಇತ್ತು. ಒಂದು ದೊಡ್ಡ ಮೂಸಂಬಿಯಷ್ಟು. ಅದರೊಳಗೆ ಏನೂ ಇರಲಿಲ್ಲ.

ಅವರು ತಿರುಗಿ ನನ್ನನ್ನು ನೋಡಿದರು. ಮತ್ತೊಮ್ಮೆ ಮೇಲಿನಿಂದ ಕೆಳಗೆ ನೋಡಿದರು. "ಮೇಡಂ, ಮಗು ಹೊರಗಿದೆ," ಎಂದರು.

ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂಡಾಣು ಮತ್ತು ವೀರ್ಯಾಣು ಕೂಡುವುದು ಗರ್ಭನಾಳದಲ್ಲಿ. ಅಲ್ಲಿಂದ ಭ್ರೂಣ ಜಾರಿ ಗರ್ಭಕೋಶಕ್ಕೆ ಬಂದು ನೆಲೆಸಬೇಕು. ಕೆಲವೊಮ್ಮೆ ಅದು ನಾಳದಲ್ಲೇ ಕುಳಿತುಬಿಡುತ್ತದೆ. ಅದಕ್ಕೆ ಎಕ್ಟೋಪಿಕ್ ಎನ್ನುತ್ತೇವೆ. ನಾಳ ಕಿರಿದು, ಎರಡನೇ ತಿಂಗಳ ಹೊತ್ತಿಗೆ ಒಡೆಯುತ್ತದೆ, ಒಳಗೇ ರಕ್ತಸ್ರಾವವಾಗಿ ತಾಯಿಯ ಜೀವಕ್ಕೆ ಅಪಾಯ ಬರುತ್ತದೆ. ಭ್ರೂಣ ಉಳಿಯುವುದಿಲ್ಲ. ಆದರೆ ಬಹಳ ಬಹಳ ಅಪರೂಪಕ್ಕೆ, ನಾಳ ಒಡೆದು ಹೊರಬಿದ್ದ ಭ್ರೂಣ ಹೊಟ್ಟೆಯೊಳಗೆ ಸಿಕ್ಕಿದ ಕಡೆ, ಕರುಳಿನ ಹೊದಿಕೆಗೋ ಗರ್ಭಕೋಶದ ಹೊರಮೈಗೋ ಅಂಟಿಕೊಂಡು, ಅಲ್ಲಿಂದಲೇ ರಕ್ತ ಎಳೆದುಕೊಂಡು ಬೆಳೆಯುತ್ತದೆ. ಇದು ಅಬ್ಡಾಮಿನಲ್ ಪ್ರೆಗ್ನೆನ್ಸಿ. ಹಾಗೆ ಬೆಳೆದದ್ದು ಎಂಟು ತಿಂಗಳು ಜೀವಂತವಾಗಿರುವುದು ಅಪರೂಪದಲ್ಲೂ ಅಪರೂಪ.

ಅಂದರೆ ರೈಲಿನಲ್ಲಿ ಅವಳಿಗೆ ಹರಿದಂತಾದದ್ದು ನಿಜಕ್ಕೂ ಹರಿದಿತ್ತು. ಅವಳು ಒಂದು ಊರು ಬಿಟ್ಟು ಇನ್ನೊಂದು ಊರಿಗೆ ಹೋಗುತ್ತಿದ್ದಾಗಲೇ ಅವಳ ಮಗುವೂ ತನ್ನ ಜಾಗ ಬಿಟ್ಟು ಹೊರಬಿದ್ದು, ಗುರುತಿಲ್ಲದ ಕಡೆ ಬೇರೂರಿತ್ತು.

ಇಂಥ ಕೇಸಿನಲ್ಲಿ ನಿಜವಾದ ಅಪಾಯ ಮಾಸು, ಅಂದರೆ ಪ್ಲಾಸೆಂಟಾ. ಗರ್ಭಕೋಶದಲ್ಲಾದರೆ ಹೆರಿಗೆಯ ನಂತರ ಅದು ತಾನಾಗಿ ಕಳಚಿಕೊಳ್ಳುತ್ತದೆ, ಗರ್ಭಕೋಶ ಬಿಗಿದುಕೊಂಡು ರಕ್ತ ನಿಲ್ಲಿಸುತ್ತದೆ. ಕರುಳಿಗೆ ಬಿಗಿದುಕೊಳ್ಳುವ ಶಕ್ತಿ ಇಲ್ಲ. ಮಾಸನ್ನು ಎಳೆದರೆ ರಕ್ತ ನಲ್ಲಿ ಬಿಟ್ಟಂತೆ ಹರಿಯುತ್ತದೆ. ಎಲ್ಲ ಸೌಕರ್ಯವಿರುವ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಗುವುದೇ ಸರಿ ಎಂದು ಅಲ್ಲಿಯ ತಂಡದ ಜೊತೆ ಮಾತಾಡಿದೆ. ಅವರು ಮರುದಿನ ಬೆಳಿಗ್ಗೆಗೆ ಸಿದ್ಧರಾದರು. ಫುಲ್ಮಣಿಯ ಹಿಮೋಗ್ಲೋಬಿನ್ 7.6 ಇತ್ತು. ಇಬ್ಬರು ಬದುಕಬೇಕಾದ ದೇಹಕ್ಕೆ ಅದು ತೀರಾ ಕಡಿಮೆ. ರಕ್ತ ಕೊಡಲು ಆರಂಭಿಸಿದೆವು. ಶಹತಾಜ್ ಮನೆಗೆ ಫೋನು ಮಾಡಿ, ಅಣ್ಣಂದಿರಿಗೆ "ನಾಳೆ ಬ್ಲಡ್ ಬೇಕಾಗಬೋದು, ದೋಸ್ತ್‌ಗಳನ್ನೂ ಕರ್ಕೊಂಡು ಬನ್ನಿ," ಎಂದಳು.

ಬೆಂಗಳೂರಿಗೆ ಹೋಗಲು ಫುಲ್ಮಣಿ ಒಂದೇ ಷರತ್ತು ಹಾಕಿದಳು. ಎಲ್ಲಿಗಾದರೂ ಸರಿ, ಸಬಿತಾ ಜೊತೆಗಿರಬೇಕು. ಸಬಿತಾ ಫ್ಯಾಕ್ಟರಿಗೆ ಫೋನು ಮಾಡಿ ತಾನು ಬರುವುದಿಲ್ಲವೆಂದಳು. ಆ ಕಡೆಯವರು ಏನೆಂದರೋ ನನಗೆ ಕೇಳಿಸಲಿಲ್ಲ. ಅವಳು "ನಹೀಂ ಆವೂಂಗಿ," ಎಂದು ಮತ್ತೊಮ್ಮೆ ಹೇಳಿ ಫೋನು ಇಟ್ಟಳು.

ಮರುದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಆಂಬುಲೆನ್ಸ್ ವಾರ್ಡಿನ ಮುಂದೆ ಬಂದು ನಿಂತಿತ್ತು. ಸ್ಟ್ರೆಚರಿಗೆ ಬದಲಾಯಿಸುವಾಗ ಫುಲ್ಮಣಿ ಒಮ್ಮೆ ಉಸಿರು ಒಳಗೆಳೆದುಕೊಂಡು ಸಬಿತಾಳ ಮಣಿಕಟ್ಟು ಹಿಡಿದಳು. ಮುಖದ ಬಣ್ಣ ಬೂದಿಯಾಯಿತು. ನಾಡಿ ಓಡುತ್ತಿತ್ತು, ಬಿ.ಪಿ. ಇಳಿಯುತ್ತಿತ್ತು. ಒಳಗೆ ಎಲ್ಲೋ ಮಾಸಿನ ಅಂಚು ಬಿಟ್ಟುಕೊಂಡಿತ್ತು. ಬೆಂಗಳೂರಿಗೆ ಸುಮಾರು ಅರವತ್ತು ಕಿಲೋಮೀಟರು. ಹೆಬ್ಬಾಳದ ಬೆಳಗಿನ ಟ್ರಾಫಿಕ್ ಬೇರೆ. ನಾನು ಡ್ರೈವರಿಗೆ ಗಾಡಿ ಆಫ್ ಮಾಡಲು ಹೇಳಿದೆ. ಆಪರೇಷನ್ ಇಲ್ಲೇ ಆಗಬೇಕಿತ್ತು.

ಅರಿವಳಿಕೆ ತಜ್ಞರು ಬಂದಿದ್ದರು. ನಮ್ಮ ಶಸ್ತ್ರಚಿಕಿತ್ಸಕರು ಡಾ. ರೆಡ್ಡಿ. ಕರುಳಿನ ಆಪರೇಷನ್‌ಗಳಲ್ಲಿ ಪಳಗಿದ ಕೈ. ಆತಂಕವಾದಾಗ ಮಾತ್ರ ತೆಲುಗು ಮಾತಾಡುವವರು. ಇಬ್ಬರೂ ಕೈ ತೊಳೆದು ನಿಂತೆವು. ಸಬಿತಾಳಿಗೆ ಹಸಿರು ಗೌನು ತೊಡಿಸಿ, ಫುಲ್ಮಣಿಗೆ ಪೂರ್ತಿ ಪ್ರಜ್ಞೆ ತಪ್ಪುವವರೆಗೆ ಅವಳ ತಲೆಯ ಬಳಿ ಇರಲು ಬಿಟ್ಟೆ.

ಫುಲ್ಮಣಿ ಏನೋ ಕೇಳಿದಳು. ಸಬಿತಾ ಶಹತಾಜ್‌ಗೆ ಹೇಳಿದಳು. ಶಹತಾಜ್ ನನಗೆ ಹೇಳಿದಳು: "ಮೇಡಂ, ಮಗು ಜಾಗ ತಪ್ಪಿದ್ದು ನನ್ನಿಂದಾನಾ ಅಂತ ಕೇಳ್ತಿದ್ದಾಳೆ. ರೈಲು ಹತ್ತಬಾರದಿತ್ತಾ ಅಂತ."

"ಅಲ್ಲ ಅಂತ ಹೇಳು. ರೈಲು ಹತ್ತದೇ ಇದ್ದರೂ ಹಿಂಗೇ ಆಗ್ತಿತ್ತು ಅಂತ ಹೇಳು. ಜಾಗ ತಪ್ಪಿದ ಮಗುವನ್ನ ಇಷ್ಟು ತಿಂಗಳು ಕಾಪಾಡಿಕೊಂಡು ಬಂದವಳು ಅವಳೇ ಅಂತ ಹೇಳು."

ಎರಡು ಭಾಷೆ ದಾಟಿ ಅವಳನ್ನು ಮುಟ್ಟುವಷ್ಟರಲ್ಲಿ ನನ್ನ ಮಾತಿನಲ್ಲಿ ಎಷ್ಟು ಉಳಿದಿತ್ತೋ ಗೊತ್ತಿಲ್ಲ. ಅವಳು ನನ್ನತ್ತ ತಲೆ ತಿರುಗಿಸಿ ನೋಡಿದಳು. ಆಮೇಲೆ ಔಷಧಿಗೆ ಕಣ್ಣು ಮುಚ್ಚಿದವು.

ಹೊಟ್ಟೆಯನ್ನು ಉದ್ದಕ್ಕೆ ತೆರೆದೆ. ಅಷ್ಟು ವರ್ಷಗಳಲ್ಲಿ ನಾನು ಮಾಡಿದ ಸಿಸೇರಿಯನ್‌ಗಳಿಗೆ ಲೆಕ್ಕವಿಲ್ಲ. ಹೊಟ್ಟೆ ತೆರೆದರೆ ಎದುರಿಗೆ ಗರ್ಭಕೋಶದ ಗುಲಾಬಿ ಗೋಡೆ ಕಾಣಬೇಕು. ಕೈ ಅದನ್ನೇ ನಿರೀಕ್ಷಿಸುತ್ತದೆ. ಅವತ್ತು ಕಂಡದ್ದು ಬೆಳಕು ಹಾಯುವಷ್ಟು ತೆಳುವಾದ ಒಂದು ಪೊರೆ. ಅದರ ಕೆಳಗೆ, ನೀರಿನಲ್ಲಿ, ಒಂದು ಅಂಗೈ. ಐದು ಬೆರಳುಗಳೂ ಬೇರೆ ಬೇರೆಯಾಗಿ ಕಾಣುತ್ತಿದ್ದವು. ದೀಪದ ಬೆಳಕು ಬಿದ್ದ ಮೇಲೆ ಆ ಅಂಗೈ ನಿಧಾನವಾಗಿ ಮುಚ್ಚಿಕೊಂಡಿತು, ಮತ್ತೆ ಬಿಚ್ಚಿಕೊಂಡಿತು.

ಡಾ. ರೆಡ್ಡಿಯವರ ಕೈಯೂ ನಿಂತಿತ್ತು. ಹುಟ್ಟುವ ಮೊದಲೇ, ತಾಯಿಯ ಒಳಗೆ ಇದ್ದಂತೆಯೇ ಒಂದು ಮಗುವನ್ನು ನಾವು ನೋಡುತ್ತಿದ್ದೆವು. ಕರುಳಿನ ಸುರುಳಿಗಳ ನಡುವೆ, ಯಾವ ಗೋಡೆಯೂ ಇಲ್ಲದೆ, ತನಗೆ ತಾನೇ ಒಂದು ಪೊರೆ ಕಟ್ಟಿಕೊಂಡು ಅದು ಅಲ್ಲಿ ಬದುಕಿತ್ತು. ಪಕ್ಕದಲ್ಲೇ ಅದಕ್ಕಾಗಿ ಇದ್ದ ಮನೆ ಖಾಲಿ ಬಿದ್ದಿತ್ತು. ಒಂದೆರಡು ಕ್ಷಣ ಇರಬೇಕು. ರಕ್ತ ಸೋರುತ್ತಿದ್ದುದು ನೆನಪಾಗಿ ಎಚ್ಚೆತ್ತೆ.

ಪೊರೆ ಬಿಡಿಸಿ, ಕಾಲು ಹಿಡಿದು ಮಗುವನ್ನು ಹೊರತೆಗೆದೆ. ಹೆಣ್ಣು. ಮೊದಲು ಅಳಲಿಲ್ಲ. ಮಕ್ಕಳ ವೈದ್ಯರು ಅದನ್ನು ಮೂಲೆಯ ಬೆಚ್ಚಗಿನ ಮೇಜಿಗೆ ಒಯ್ದರು. ನನ್ನ ಕಣ್ಣು ಅತ್ತ ಹೋಗುವಂತಿರಲಿಲ್ಲ. ಮಾಸು ಗರ್ಭಕೋಶದ ಹಿಂಭಾಗದಿಂದ ಆರಂಭಿಸಿ ದೊಡ್ಡ ಕರುಳಿನ ಹೊದಿಕೆಯವರೆಗೆ ಅಗಲವಾಗಿ ಹಬ್ಬಿ ಕುಳಿತಿತ್ತು. ಒಂದು ಅಂಚಿನಿಂದ ರಕ್ತ ಜಿನುಗಿ ಹೊಟ್ಟೆಯೊಳಗೆ ಮಡುಗಟ್ಟಿತ್ತು. ನನ್ನ ಬೆರಳು ಅಭ್ಯಾಸಬಲದಿಂದ ಆ ಕಡೆ ಚಾಚಿತು.

"ವದ್ದು ಮೇಡಂ," ಎಂದರು ಡಾ. ರೆಡ್ಡಿ ಮೆಲ್ಲಗೆ. "ಮುಟ್ಟಬೇಡಿ. ಅದು ಇದ್ದಲ್ಲೇ ಇರಲಿ."

ಅವರು ಹೇಳಿದ್ದು ಸರಿ. ಜಿನುಗುತ್ತಿದ್ದ ಅಂಚಿಗೆ ಒಂದೊಂದಾಗಿ ಹೊಲಿಗೆ ಹಾಕಿ, ಬಟ್ಟೆ ಒತ್ತಿ ಹಿಡಿದು ಕಾದರು. ನಾನು ಹೊಕ್ಕುಳಬಳ್ಳಿಯನ್ನು ಮಾಸಿಗೆ ಆದಷ್ಟು ಹತ್ತಿರದಲ್ಲಿ ಕಟ್ಟಿ ಕತ್ತರಿಸಿದೆ. ಹೊರಗೆ ಶಹತಾಜ್‌ಳ ಅಣ್ಣಂದಿರು ಮತ್ತು ಗೆಳೆಯರು ಶಿಡ್ಲಘಟ್ಟದಿಂದ ಬೈಕುಗಳಲ್ಲಿ ಬಂದು ಬ್ಲಡ್ ಬ್ಯಾಂಕಿನ ಬೆಂಚಿನ ಮೇಲೆ ಅಂಗಿಯ ತೋಳು ಮಡಿಸಿ ಕುಳಿತಿದ್ದರು. ನಾಲ್ಕನೇ ಬಾಟಲಿ ರಕ್ತ ಹೋಗುವ ಹೊತ್ತಿಗೆ ಬಿ.ಪಿ. ಇಳಿಯುವುದು ನಿಂತಿತು. ಡಾ. ರೆಡ್ಡಿ ಒತ್ತಿದ್ದ ಬಟ್ಟೆಯನ್ನು ಎತ್ತಿ ನೋಡಿದರು. ರಕ್ತ ಜಿನುಗುತ್ತಿರಲಿಲ್ಲ. ಅದೇ ಹೊತ್ತಿಗೆ ಮೂಲೆಯಿಂದ ಬೆಕ್ಕಿನ ಮರಿಯಂಥ ಒಂದು ಸಣ್ಣ ದನಿ ಬಂತು. ಆಮೇಲೆ ಇನ್ನೊಂದು, ಸ್ವಲ್ಪ ಜೋರಾಗಿ.

ಮಗು ಒಂದು ಕಿಲೋ ಒಂಬೈನೂರು ಗ್ರಾಂ ಇತ್ತು. ನೀರು ಕಡಿಮೆಯಿದ್ದ ಇಕ್ಕಟ್ಟಿನಲ್ಲಿ ಬೆಳೆದದ್ದರಿಂದ ತಲೆಯ ಒಂದು ಪಾರ್ಶ್ವ ಚಪ್ಪಟೆಯಾಗಿತ್ತು, ಎಡಪಾದ ಒಳಕ್ಕೆ ತಿರುಗಿತ್ತು. ಎರಡೂ ಸರಿಹೋಗುವಂಥವೇ ಎಂದು ಮಕ್ಕಳ ವೈದ್ಯರು ಹೇಳಿದರು. ನವಜಾತ ಶಿಶುಗಳ ಘಟಕದ ಗಾಜಿನಾಚೆ ನಿಂತು ಸೋಮಾಯ್ ನೋಡುತ್ತಿದ್ದ. ಲೋಡಿಂಗ್ ಕೆಲಸದ ಗಟ್ಟಿ ಆಳು. ಹಿಂದಿನ ದಿನವೇ ಲೈನಿನಿಂದ ಬಂದಿದ್ದ. ನಾನು ಹತ್ತಿರ ಹೋದಾಗ ಬಾಗಿ, ಎರಡೂ ಕೈಗಳಿಂದ ನೆಲ ಮುಟ್ಟಿ, ಎದ್ದು ನಿಂತ. ನಾನೂ ಕೈ ಮುಗಿದೆ.

ಮುಂದಿನ ದಿನಗಳೇನೂ ಸಲೀಸಾಗಿರಲಿಲ್ಲ. ಒಳಗೆ ಬಿಟ್ಟ ಮಾಸು ಕೊಳೆತು ಸೋಂಕಾಗುವ ಭಯವಿತ್ತು. ಮೂರನೇ ದಿನ ಜ್ವರ ಏರಿತು. ಆಂಟಿಬಯಾಟಿಕ್ ಬದಲಾಯಿಸಿ, ಮತ್ತೆ ಬೆಂಗಳೂರಿನವರ ಸಲಹೆ ಪಡೆದು, ಕಾದು ನೋಡಿದೆವು. ಜ್ವರ ಇಳಿಯಿತು. ಸಬಿತಾ ಕೆಲಸಕ್ಕೆ ಹಿಂತಿರುಗಲೇಬೇಕಾಯಿತು. ಆಗ ಲೈನಿನ ಹೆಂಗಸರು ಸರದಿ ಹಾಕಿಕೊಂಡರು. ಒಬ್ಬಳು ಅಸ್ಸಾಮಿನವಳು, ಒಬ್ಬಳು ಬಿಹಾರದವಳು. ಅವರಲ್ಲಿ ಯಾರಿಗೂ ಸಂತಾಲಿ ಬಾರದು. ಆದರೂ ಬಸ್ಸು ಹಿಡಿದು ಬಂದು ಪಕ್ಕದಲ್ಲಿ ಕುಳಿತು ಹೋಗುತ್ತಿದ್ದರು. ಪಕ್ಕದ ಹಾಸಿಗೆಯ ಬಾಣಂತಿಯ ತಾಯಿ, ಗೌರಿಬಿದನೂರು ಕಡೆಯ ಗೌಡರ ಮನೆಯ ಹೆಂಗಸು, ಮಗಳಿಗೆ ತಂದ ರಾಗಿ ಗಂಜಿಯಲ್ಲಿ ಅರ್ಧ ಇವಳಿಗೆ ಬಗ್ಗಿಸಿ, "ಕುಡಿಯವ್ವ, ಹಾಲಿಳೀತದೆ," ಎನ್ನುತ್ತಿದ್ದಳು. ಫುಲ್ಮಣಿಗೆ ಒಂದು ಪದವೂ ಅರ್ಥವಾಗದಿದ್ದರೂ ಲೋಟ ಖಾಲಿ ಮಾಡುತ್ತಿದ್ದಳು.

ಮಗುವನ್ನು ಮೊದಲ ಸಲ ಎದೆಗೆ ಹಾಕಿದ ದಿನ ನಾನು ಅಲ್ಲೇ ಇದ್ದೆ. ಅದು ಹಾಲು ಕುಡಿಯುತ್ತ ಕಾಲು ಝಾಡಿಸಿತು. ಫುಲ್ಮಣಿಯ ಮೈ ಹಳೆಯ ಅಭ್ಯಾಸದಂತೆ ಗಟ್ಟಿಯಾಯಿತು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತು. ನೋವು ಬರಲಿಲ್ಲ. ಅವಳು ಕಣ್ಣು ಬಿಟ್ಟು ಮಗುವಿನ ಕಾಲನ್ನು ನೋಡಿದಳು. ಅದು ಮತ್ತೆ ಒದೆಯಿತು. ಅವಳು ಆ ಪಾದವನ್ನು ಹಿಡಿದು ತನ್ನ ಹೊಟ್ಟೆಗೆ ತಾನೇ ಒತ್ತಿಕೊಂಡಳು. ಆಮೇಲೆ ಅತ್ತಳು. ಅಷ್ಟೂ ದಿನಗಳಲ್ಲಿ ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮಗುವಿಗೆ ಚಂಪಾ ಎಂದು ಹೆಸರಿಟ್ಟರು. ಮೊದಲ ಹೆಣ್ಣುಮಗುವಿಗೆ ಅಪ್ಪನ ತಾಯಿಯ ಹೆಸರಿಡುವುದು ಅವರ ಪದ್ಧತಿಯಂತೆ. ಫುಲ್ಮಣಿ ಊರಿಗೆ ಹೋಗದೆ ಲೈನಿನಲ್ಲೇ ಉಳಿದಳು; ಮಾಸು ಪೂರ್ತಿ ಕರಗುವವರೆಗೆ ತಪಾಸಣೆ ಬೇಕಿತ್ತು. ಪ್ರತಿ ತಿಂಗಳು ನಾಗರತ್ನಮ್ಮ ಅವಳನ್ನು ಕರೆತರುತ್ತಿದ್ದಳು. ಅವಳ ಜೊತೆಗೆ ಲೈನಿನ ಬೇರೆ ಬಸುರಿಯರೂ ಬರತೊಡಗಿದರು. ಮೊದಲು ಇಬ್ಬರು, ಆಮೇಲೆ ಒಂದು ಆಟೋ ತುಂಬ. ಒಂಬತ್ತನೇ ತಾರೀಖು ಬರುವ ವಾರ ಸಬಿತಾ ತನ್ನ ರಜೆಯನ್ನು ಆ ದಿನಕ್ಕೆ ಬದಲಾಯಿಸಿಕೊಳ್ಳುತ್ತಿದ್ದಳು. ಪಟ್ಟಿ ಹಾಕಿ ಹಾಕಿ ಚಂಪಾಳ ಪಾದ ನೇರವಾಯಿತು. ತಲೆ ತಾನಾಗಿಯೇ ದುಂಡಗಾಯಿತು.

ವರ್ಷ ತುಂಬುವ ಹೊತ್ತಿಗೆ ಕೊನೆಯ ಸ್ಕ್ಯಾನ್ ಮಾಡಿಸಿದೆ. ಮಾಸು ಒಣಗಿ ಅಡಿಕೆಯಷ್ಟು ಗಾತ್ರದ ಒಂದು ಗಂಟಾಗಿತ್ತು. ಇನ್ನು ಭಯವಿಲ್ಲ, ಊರಿಗೆ ಹೋಗಬಹುದು ಎಂದೆ. ಫುಲ್ಮಣಿ ಪರದೆಯನ್ನು ತೋರಿಸುವಂತೆ ಕೇಳಿದಳು. ಆ ಗಂಟನ್ನು ತೋರಿಸಿದೆ.

"ಇದು ಇಲ್ಲೇ ಇರ್ತದಾ?" ಎಂದು ಕೇಳಿದಳು. ಕನ್ನಡದಲ್ಲೇ.

"ಸ್ವಲ್ಪ ದಿನ ಇರ್ತದಮ್ಮ. ಆಮೇಲೆ ನಿನ್ನ ಮೈಯಲ್ಲೇ ಸೇರಿಹೋಗ್ತದೆ."

ಅವಳು ತಲೆಯಾಡಿಸಿ, ಮಗುವನ್ನು ಎತ್ತಿಕೊಂಡು ಎದ್ದಳು.

ಈಗ ನಿವೃತ್ತಳಾಗಿದ್ದೇನೆ. ಕಿರಿಯ ವೈದ್ಯರಿಗೆ ಒಂದೆರಡು ಮಾತು ಹೇಳಿ ಎಂದು ಕರೆದಾಗ ಈ ಕೇಸನ್ನು ಹೇಳುತ್ತೇನೆ. ಅವರ ಪ್ರಶ್ನೆಗಳೆಲ್ಲ ಆಪರೇಷನ್ ಬಗ್ಗೆ: ಎಲ್ಲಿ ಕೊಯ್ದಿರಿ, ಎಷ್ಟು ರಕ್ತ ಕೊಟ್ಟಿರಿ, ಮಾಸನ್ನು ಬಿಡುವ ತೀರ್ಮಾನ ಹೇಗೆ ಮಾಡಿದಿರಿ. ಅದಕ್ಕೆ ಉತ್ತರ ಹೇಳಿದ ಮೇಲೆ ನನ್ನ ಮಾತು ಹೇಳುತ್ತೇನೆ. ಆ ಅಂಗೈ ಬಿಚ್ಚಿಕೊಂಡದ್ದನ್ನು ನೋಡಿದ ಮೇಲೆ, ದೇಹದ ವಿಷಯದಲ್ಲಿ ಇದು ಆಗುತ್ತದೆ, ಇದು ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳುವುದನ್ನು ನಾನು ಬಿಟ್ಟುಬಿಟ್ಟೆ. ಎಷ್ಟು ದೂರದಿಂದಲೋ ಬಂದು ಎದುರಿಗೆ ಕುಳಿತ ಹೆಂಗಸು ಹೇಳುವುದು ನಾವು ಓದಿದ್ದಕ್ಕೆ ಹೊಂದದಿದ್ದರೆ, ಮೊದಲು ಅನುಮಾನ ಪಡಬೇಕಾದದ್ದು ನಮ್ಮ ಓದಿನ ಮೇಲೆ. ಅವಳ ಮಾತು ತಿಳಿಯದಿದ್ದರೆ ತಿಳಿಯುವವರನ್ನು ಕರೆಸಬೇಕು. ಅವರು ಬರುವವರೆಗೆ, ಹೊರಗೆ ಸಾಲು ಎಷ್ಟೇ ಉದ್ದವಿರಲಿ, ಕೈ ಕಟ್ಟಿಕೊಂಡು ಅವಳ ಪಕ್ಕದಲ್ಲಿ ಕುಳಿತು ಕಾಯಬೇಕು. ಹಾಗೆ ಕಾಯುವುದೂ ಚಿಕಿತ್ಸೆಯೇ ಎಂಬುದು ಈ ವೃತ್ತಿ ನನಗೆ ಬಹಳ ತಡವಾಗಿ ಕಲಿಸಿದ ಪಾಠ.